ಸಿಯಾಚಿನ್‌ಗೆ ಹೋದ ಮೈಸೂರಿನ ಕ್ಯಾಪ್ಟನ್

ಸಿಯಾಚಿನ್ ಅಂದರೆ ನಮ್ಮ ಕಡೆಯವರಿಗೆ ಇವತ್ತಿಗೂ ಮೊದಲು ನೆನಪಾಗುವುದು ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿಯಲ್ಲಿ ಆರು ದಿನ ಹಿಮದಡಿ ಸಿಕ್ಕಿಕೊಂಡೂ ಉಸಿರು ಹಿಡಿದಿದ್ದವರು. ಅದೇ ಹಿಮನದಿಗೆ 2024ರ ಜುಲೈನಲ್ಲಿ ಮೈಸೂರಿನ ಕ್ಯಾಪ್ಟನ್ ಸುಪ್ರೀತಾ ಸಿ.ಟಿ. ನಿಯೋಜನೆಗೊಂಡರು. ಶತ್ರು ವಿಮಾನಗಳನ್ನು ಎದುರಿಸುವ ಆರ್ಮಿ ಏರ್ ಡಿಫೆನ್ಸ್ ದಳದಿಂದ ಅಲ್ಲಿಗೆ ಹೋದ ಮೊದಲ ಮಹಿಳಾ ಅಧಿಕಾರಿ. ಅವರಿಗಿಂತ ಮೊದಲು, 2023ರ ಜನವರಿಯಲ್ಲೇ ಬೇರೆ ದಳದ, ಉದಯಪುರದ ಕ್ಯಾಪ್ಟನ್ ಶಿವಾ ಚೌಹಾಣ್ ಸಿಯಾಚಿನ್‌ನ 15,600 ಅಡಿ ಎತ್ತರದ ಕುಮಾರ್ ಪೋಸ್ಟ್‌ಗೆ ಹೋಗಿದ್ದರು.

ಎಲ್ಲರೂ ಅಭಿನಂದಿಸಿದೆವು, ಸಂತೋಷ. ಆದರೆ ‘ಮೊದಲ ಮಹಿಳೆ’ ಅನ್ನುವಲ್ಲಿಗೇ ಮಾತು ನಿಲ್ಲಿಸಿದರೆ ಅವರು ಮಾಡುವ ಕೆಲಸ ನಮಗೆ ಕಾಣುವುದೇ ಇಲ್ಲ.

ಆ ಎತ್ತರಕ್ಕೆ ಯಾರನ್ನೂ ಒಮ್ಮೆಗೇ ಹತ್ತಿಸುವುದಿಲ್ಲ. 9,000 ಅಡಿ ದಾಟಿದ ಮೇಲೆ ಮೊದಲ ಹಂತಕ್ಕೆ 6 ದಿನ, 12,000 ದಾಟಿದರೆ 4 ದಿನ, 15,000 ದಾಟಿದರೆ ಇನ್ನೂ 4 ದಿನ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಆಮೇಲೆ ನಿಧಾನ ನಡಿಗೆ, ಆಮೇಲೆ ಸ್ವಲ್ಪ ಏರು, ಕೊನೆಗೆ ಹೊರೆ ಹೊತ್ತು ಏರು. ಗಟ್ಟಿಮುಟ್ಟಾಗಿದ್ದೇನೆ ಅಂತ ಈ ದಿನಗಳನ್ನು ಹಾರಿಸಿದವರಿಗೇ ಅಪಾಯ ಜಾಸ್ತಿ. ಒಣಕೆಮ್ಮು, ಕೂತಲ್ಲೇ ಏದುಸಿರು ಶುರುವಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ಅರ್ಥ. ಆಮ್ಲಜನಕ ಕೊಟ್ಟು ತಕ್ಷಣ ಕೆಳಗಿಳಿಸಬೇಕು. ಬೆಳಗಾಗಲಿ ಅಂತ ಕಾದರೆ ಜೀವಕ್ಕೇ ಕುತ್ತು. ಇದರ ಜೊತೆಗೆ ಸಿಯಾಚಿನ್ ಬ್ಯಾಟಲ್ ಸ್ಕೂಲ್‌ನಲ್ಲಿ ಮಂಜುಗೋಡೆ ಹತ್ತುವುದು, ಹಿಮದ ಬಿರುಕಿಗೆ ಬಿದ್ದವರನ್ನು ಹಗ್ಗದಿಂದ ಮೇಲೆತ್ತುವುದು, ಇದೆಲ್ಲ ಕಲಿಯಬೇಕು.

ಹೊರೆಯ ಲೆಕ್ಕ ನೋಡಿ. 75 ಕೆ.ಜಿ. ತೂಗುವವರಿಗೆ 20 ಕೆ.ಜಿ. ಅಂದರೆ ಮೈತೂಕದ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. 55 ಕೆ.ಜಿ.ಯವರಿಗೆ ಅದೇ ಹೊರೆ ಮೂರನೇ ಒಂದು ಭಾಗವನ್ನೂ ಮೀರುತ್ತದೆ. ಹೆಣ್ಣೆಂದು ಹಿಮ ಇಳಿಜಾರನ್ನು ಕಡಿಮೆ ಮಾಡುವುದಿಲ್ಲ.

ಪೋಸ್ಟ್‌ನಲ್ಲಿ ಅಧಿಕಾರಿಯಾದವರು ಬಿಡದೆ ಮಾಡಿಸಬೇಕಾದ ಕೆಲಸ ಒಂದಿದೆ: ಜವಾನರ ಕಾಲ್ಬೆರಳು ನೋಡುವುದು. ನಡೆಯುವಾಗ ಬೂಟಿನೊಳಗೆ ಬೆವರುತ್ತದೆ, ನಿಂತ ಕೂಡಲೇ ಆ ಬೆವರೇ ಹೆಪ್ಪುಗಟ್ಟುತ್ತದೆ. ಸಾಕ್ಸ್ ಬಿಚ್ಚಿಸಿ, ಕಾಲು ಒರೆಸಿ, ಒಣ ಸಾಕ್ಸ್ ಹಾಕಿಸಬೇಕು. ಬೆರಳು ಮೇಣದ ಹಾಗೆ ಬೆಳ್ಳಗಾಗಿ ‘ಈಗ ನೋವಿಲ್ಲ’ ಅಂದರೆ ಅದೇ ಕೆಟ್ಟ ಸುದ್ದಿ. ಆಗ ಉಜ್ಜಬಾರದು, ಸ್ಟೌವ್ ಹತ್ತಿರ ಹಿಡಿಯಬಾರದು. ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗದು. 37–39 ಡಿಗ್ರಿ ಬಿಸಿಯ ನೀರಿನಲ್ಲಿ ಅದ್ದಬೇಕು. ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಅದನ್ನೂ ಮಾಡಬಾರದು. ಕರಗಿ ಮತ್ತೆ ಗಟ್ಟಿಯಾದ ಬೆರಳು ಉಳಿಯುವುದು ಕಷ್ಟ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಶೌಚದ್ದು. ಮರೆಯಿಲ್ಲ, ಪದರ ಪದರ ಬಟ್ಟೆ ಬಿಚ್ಚಬೇಕು ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ದೊಡ್ಡ ತಪ್ಪಾಗುತ್ತದೆ. ಅಲ್ಲಿನ ಒಣಗಾಳಿಯಲ್ಲಿ ಉಸಿರಿನಲ್ಲೇ ನೀರು ಹೋಗುತ್ತದೆ. ದೇಹ ಒಣಗಿದರೆ ರಕ್ತ ಗಟ್ಟಿಯಾಗುತ್ತದೆ, ಹಿಮಕಡಿತವೂ ಬೇಗ ಬರುತ್ತದೆ. ಹೆಣ್ಣುಮಕ್ಕಳನ್ನು ಕಳಿಸುವಾಗ ಅವರ ಅಳತೆಯ ಬೂಟು, ಬಟ್ಟೆ, ಒಂದು ಪ್ರತ್ಯೇಕ ಮೂಲೆ ಕೊಡುವುದನ್ನು ಉಪಕಾರ ಅಂದುಕೊಳ್ಳಬಾರದು. ಗುಂಡು, ಸೀಮೆಎಣ್ಣೆಯಷ್ಟೇ ಅಗತ್ಯವಾದ ಸಾಮಗ್ರಿ ಅದು.

2020ರ ಫೆಬ್ರುವರಿ 17ರ ಸುಪ್ರೀಂ ಕೋರ್ಟ್ ತೀರ್ಪಿಗೆ ಮೊದಲು ಬಹುತೇಕ ದಳಗಳಲ್ಲಿ ಮಹಿಳೆಯರ ಸೇವೆ ಹೆಚ್ಚೆಂದರೆ 14 ವರ್ಷಕ್ಕೆ ಮುಗಿಯುತ್ತಿತ್ತು. ಈಗ ಕಾಯಂ ಕಮಿಷನ್, ಅಂದರೆ ನಿವೃತ್ತಿಯವರೆಗೂ ಸೇವೆಯಲ್ಲಿರುವ ಅವಕಾಶ ಇದೆ. ಆದರೆ ಪದಾತಿದಳ ಇನ್ನೂ ತೆರೆದಿಲ್ಲ. ಅದೂ ತೆರೆಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಸುಪ್ರೀತಾ ಮೈಸೂರಿನಲ್ಲೇ ಕಾನೂನು ಓದಿದವರು, ಎನ್‌ಸಿಸಿಯಲ್ಲಿದ್ದವರು. ಡಿಗ್ರಿ ಓದುತ್ತಿರುವ ಹುಡುಗಿಯರು ಗಮನಿಸಿ: ಸೇನೆಯಲ್ಲಿ ಅಧಿಕಾರಿಯಾಗಲು ಇರುವ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಲಿಖಿತ ಪರೀಕ್ಷೆ ಇಲ್ಲ. ಡಿಗ್ರಿಯಲ್ಲಿ 50% ಅಂಕ, ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ಬಿ ಗ್ರೇಡ್ ಇದ್ದು ಆಯ್ಕೆಪಟ್ಟಿಗೆ ಬಂದರೆ ನೇರ ಐದು ದಿನದ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳ ಆಯ್ಕೆ ಸಂದರ್ಶನ. ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ‘ಬಿ’ ಪ್ರಮಾಣಪತ್ರ ಸಿಕ್ಕಿತಲ್ಲ ಅಂತ ಕೊನೆಯ ವರ್ಷ ಪರೇಡ್ ಬಿಟ್ಟರೆ ‘ಸಿ’ ಸಿಗದೆ ಈ ದಾರಿ ಮುಚ್ಚಿಹೋಗುತ್ತದೆ.