ಆ ಹಾಡಿನಲ್ಲಿ ಇರುವುದು ತೆರೆಮಿನ್ ಅಲ್ಲ

ಅಮೆರಿಕದ ಬೀಚ್ ಬಾಯ್ಸ್ ಸಂಗೀತ ತಂಡದ 1966ರ 'ಗುಡ್ ವೈಬ್ರೇಷನ್ಸ್' ಹಾಡಿನಲ್ಲಿ ತೇಲಿ ಬರುವ ಆ ವಿಚಿತ್ರ ಸದ್ದು ತೆರೆಮಿನ್‌ನದು, ಅಂದ್ರೆ ಮುಟ್ಟದೇ ನುಡಿಸುವ ವಾದ್ಯದ್ದು ಅಂತ ನಾನು ಬರೆದಿದ್ದೆ. ಅದು ತಪ್ಪು. ಆ ಮೆಸೇಜ್ ಈಗ ತುಂಬಾ ಗ್ರೂಪ್‌ಗಳಲ್ಲಿ ಓಡಾಡ್ತಿದೆ, ಕ್ಷಮಿಸಿ.

ಅದು ಎಲೆಕ್ಟ್ರೋ-ತೆರೆಮಿನ್. ಹೆಸರು ಹತ್ತಿರ, ವಾದ್ಯ ಬೇರೆ. ಟ್ರೊಂಬೋನ್ (ಊದಿ ನುಡಿಸುವ ಹಿತ್ತಾಳೆ ವಾದ್ಯ) ವಾದಕ ಪಾಲ್ ಟ್ಯಾನರ್‌ಗಾಗಿ ಬಾಬ್ ವಿಟ್ಸೆಲ್ 1950ರ ದಶಕದ ಕೊನೆಯಲ್ಲಿ ಇದನ್ನು ಮಾಡಿಕೊಟ್ಟರು. ರೆಕಾರ್ಡಿಂಗ್‌ನಲ್ಲಿ ನುಡಿಸಿದ್ದೂ ಟ್ಯಾನರ್ ಅವರೇ. ಇದರಲ್ಲಿ ಕೈಯಿಂದ ಸರಿಸುವ ಒಂದು ಸ್ಲೈಡರ್ ಇದೆ, ಅದು ಒಳಗೆ ಸದ್ದು ಹುಟ್ಟಿಸುವ ಸರ್ಕ್ಯೂಟ್ ಆದ ಆಸಿಲೇಟರ್‌ನ ಗುಂಡಿಯನ್ನು ತಿರುಗಿಸುತ್ತದೆ, ಹಾಗಾಗಿ ಬೇಕಾದ ಸ್ವರ ಎಲ್ಲಿದೆ ಅಂತ ಗುರುತು ಮಾಡಿಟ್ಟುಕೊಂಡು ನೇರ ಅಲ್ಲಿಗೇ ಹೋಗಬಹುದು.

ನಿಜವಾದ ತೆರೆಮಿನ್‌ನಲ್ಲಿ ಹಿಡಿಯೋಕೆ ಏನೂ ಇಲ್ಲ. ರಷ್ಯಾದ ಲೆವ್ ತೆರೆಮಿನ್ 1920ರ ಸುಮಾರಿಗೆ ಕಂಡುಹಿಡಿದದ್ದು. ಎರಡು ಆಂಟೆನಾ, ಒಂದರ ಹತ್ತಿರ ಕೈ ಆಡಿಸಿದರೆ ಸ್ವರ ಏರಿಳಿಯುತ್ತದೆ, ಇನ್ನೊಂದರ ಹತ್ತಿರ ಸದ್ದು ಜಾಸ್ತಿ ಕಡಿಮೆ ಆಗುತ್ತದೆ. ಗಾಳಿಯಲ್ಲೇ ಸ್ವರ ಹುಡುಕಬೇಕು. ಎಷ್ಟು ಕಷ್ಟ ಅಲ್ವಾ!

ದಯವಿಟ್ಟು ಹಳೆಯ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿ.