ಕೊರಳಿಗೆ ಬಿದ್ದ ಬೆಲ್ಟು

ಕರಾವಳಿಯ ಕುತ್ತಿಗೆಗಳಿಗೆ ಬಿಡುವೆಂಬುದಿಲ್ಲ. ಬೆಳಿಗ್ಗೆ ಕಚೇರಿಯ ಗುರುತುಚೀಟಿ, ಮಧ್ಯಾಹ್ನ ಉತ್ಸವ ಸಮಿತಿಯ ಬ್ಯಾಡ್ಜ್, ಸಂಜೆ ಸನ್ಮಾನದ ಶಾಲು, ಅದರ ಮೇಲೊಂದು ಹಾರ. ಶಾಲು, ಹಾರಗಳ ಯೋಗ ನನ್ನ ಜಾತಕದಲ್ಲಿ ಇರಲಿಲ್ಲ. ಹಾಗಾಗಿ ಖಾಲಿ ಉಳಿದ ಜಾಗಕ್ಕೆ ಕ್ಯಾಮೆರಾ ನೇತುಹಾಕಿಕೊಂಡೆ. ಹನ್ನೆರಡು ವರ್ಷವಾಯಿತು. ತೆಗೆದ ಫೋಟೋಗಳ ಮಾತು ಬಿಡಿ, ಕುತ್ತಿಗೆಯ ಹಿಂಬದಿಯಲ್ಲಿ ಮಾತ್ರ ನೊಗ ಹೊತ್ತ ಕೋಣಕ್ಕಿರುವಂಥ ಗುರುತೊಂದು ಕಾಯಂ ಆಗಿದೆ.

ಕ್ಯಾಮೆರಾ ಕೊಂಡರೆ ಬೆಲ್ಟ್ ಪುಕ್ಕಟೆ. ಅಂಗಡಿಯವರು ಸ್ಟ್ರಾಪ್ ಎನ್ನುತ್ತಾರೆ, ಹೊರುವ ನಾವು ಬೆಲ್ಟ್ ಎನ್ನುತ್ತೇವೆ. ಪುಕ್ಕಟೆ ಬಂದ ವಸ್ತುವಿನ ಲಕ್ಷಣಗಳೆಲ್ಲ ಅದಕ್ಕಿವೆ. ಅಗಲ ಎರಡು ಬೆರಳು, ಅಂಚು ಮುಳಿಹುಲ್ಲಿನಷ್ಟು ಹರಿತ, ಹೊರಮೈ ತುಂಬ ಕಂಪನಿಯ ಹೆಸರು. ಈ ಹೆಸರಿನ ವಿಷಯದಲ್ಲಿ ಮಾತ್ರ ಕಂಪನಿ ಜಿಪುಣತನ ಮಾಡಿಲ್ಲ, ನಮ್ಮ ಉಡುಪಿಯ ರಥಬೀದಿಯ ಆಚೆ ತುದಿಯಿಂದ ಓದಬಹುದಾದ ಅಕ್ಷರ. ಸಿಟಿ ಬಸ್ಸಿನ ಬೆನ್ನಿಗೆ ಬಟ್ಟೆ ಅಂಗಡಿಯ ಜಾಹೀರಾತು ಅಂಟಿಸಿದರೆ ಬಸ್ಸಿನ ಧಣಿಗೆ ದುಡ್ಡು ಸಿಗುತ್ತದೆ. ನಾನಾದರೋ ಕಂಪನಿಗೇ ಲಕ್ಷ ರೂಪಾಯಿ ಎಣಿಸಿ, ಅದರ ಬೋರ್ಡನ್ನು ನನ್ನ ಕೊರಳಿಗೆ ಕಟ್ಟಿಕೊಂಡು ಊರೂರು ಮೆರವಣಿಗೆ ಹೊರಟವನು.

ತೂಕವೆಷ್ಟೆಂದು ಕೇಳಿ. ಕ್ಯಾನನ್ 5ಡಿ ಮಾರ್ಕ್ 4 ಎಂಬ ಕ್ಯಾಮೆರಾ ಬ್ಯಾಟರಿ, ಕಾರ್ಡ್ ಸೇರಿ 890 ಗ್ರಾಂ. ಅದಕ್ಕೆ 70-200ರ ದೊಡ್ಡ ಬಿಳಿ ಲೆನ್ಸ್ ಸಿಕ್ಕಿಸಿದರೆ ಇನ್ನೊಂದು ಒಂದೂವರೆ ಕಿಲೋ. ಈ ಜಾತಿಯ ಉಳಿದ ದೊಡ್ಡ ಕ್ಯಾಮೆರಾಗಳ ಲೆಕ್ಕವೂ ಇದರ ಆಸುಪಾಸಿನಲ್ಲೇ ಇದೆ. ಎರಡೂವರೆ ಕಿಲೋ ಬಂಗುಡೆಯನ್ನು ಮಾರ್ಕೆಟ್ಟಿನಿಂದ ಮನೆಗೆ ತರುವುದೇನೂ ದೊಡ್ಡ ವಿಷಯವಲ್ಲ. ಅದೇ ಬಂಗುಡೆಯನ್ನು ಹುರಿಯಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಸೆಪ್ಟೆಂಬರಿನ ಉರಿಬಿಸಿಲಿನಲ್ಲಿ ನಿಂತು ನೋಡಿ. ಬೆವರು ಇಳಿದು, ಉಪ್ಪು ಕಟ್ಟಿ, ಆ ಉಪ್ಪಿನ ಮೇಲೆ ಬೆಲ್ಟಿನ ಅಂಚು ಗರಗಸ ಆಡಿಸುವಾಗ ಕಲೆಯ ಬಗ್ಗೆ ಯಾರಿಗೂ ಒಳ್ಳೆಯ ಮಾತು ಹೊಳೆಯುವುದಿಲ್ಲ.

ಆದ್ದರಿಂದ ಸುಖವಾದ ಬೆಲ್ಟ್ ಒಂದನ್ನು ಕೊಳ್ಳೋಣವೆಂದು ಮಂಗಳೂರಿಗೆ ಹೋಗಿ, ಹಂಪನಕಟ್ಟೆಯ ಒಂದು ಅಂಗಡಿ ಹೊಕ್ಕೆ.

"ಮದುವೆಗೋ, ಹಕ್ಕಿಗೋ?" ಎಂದರು ಅಂಗಡಿಯವರು. ಅವರ ಪ್ರಕಾರ ಕ್ಯಾಮೆರಾ ಹಿಡಿದ ಮನುಕುಲದಲ್ಲಿ ಇರುವುದು ಎರಡೇ ಜಾತಿ.

"ಕುತ್ತಿಗೆಗೆ" ಎಂದೆ.

ಅವರು ಒಂದರ ಮೇಲೊಂದು ಬೆಲ್ಟ್ ಹಾಸಿದರು. ಮುಳುಗುಗಾರರ ದಿರಿಸಿಗೆ ಬಳಸುವ ನಿಯೋಪ್ರೀನಿನದು ಎಳೆದರೆ ಹಿಗ್ಗುತ್ತದೆ, ಹಾಕಿಕೊಂಡರೆ ಭಾರ ಅರ್ಧ ಇಳಿದಂತೆ ಅನ್ನಿಸುತ್ತದೆ, ನಾಲ್ಕು ಹೆಜ್ಜೆ ನಡೆದರೆ ಕ್ಯಾಮೆರಾ ಕುಣಿದು ಕುಣಿದು ಹೊಟ್ಟೆಯ ಮೇಲೆ ಚೆಂಡೆ ಬಾರಿಸುತ್ತದೆ. ಬೆವರನ್ನು ಅದು ಹೀರುವುದೂ ಇಲ್ಲ, ಹೊರಗೆ ಬಿಡುವುದೂ ಇಲ್ಲ. ಚರ್ಮದ್ದು ನೋಡಲು ಬಹಳ ಚೆಂದ. ಆದರೆ ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಸೊಂಟಪಟ್ಟಿಗೇ ಬೂಸ್ಟು ಹಿಡಿಯುವ ಊರು ನಮ್ಮದು. ಕೊರಳಿನಲ್ಲಿ ಅಣಬೆ ಕೃಷಿ ಮಾಡುವ ಆಸೆ ನನಗಿರಲಿಲ್ಲ. ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದ್ದೂ ಇತ್ತು, ಅದನ್ನು ಕಟ್ಟಿಕೊಂಡರೆ ಊಟದ ಪಂಕ್ತಿಯಲ್ಲಿ ಕುಳಿತು ಸಾರು ಕಲಸುವುದು ಯಾವ ಕೈಯಲ್ಲಿ?

ಅಂಗಡಿಯೊಳಗೆ ಎಲ್ಲ ಬೆಲ್ಟುಗಳೂ ಸುಖವಾಗಿಯೇ ಇರುತ್ತವೆ, ಇದನ್ನು ತಿಳಿದಿರಬೇಕು. ಅಲ್ಲಿ ಎಸಿ ಇರುತ್ತದೆ, ತುದಿಯಲ್ಲಿ ಕ್ಯಾಮೆರಾ ಇರುವುದಿಲ್ಲ. ನನ್ನ ಕ್ಯಾಮೆರಾವನ್ನೇ ಸಿಕ್ಕಿಸಿಕೊಂಡು ಹೊರಗೆ ಒಂದು ಸುತ್ತು ನಡೆದು ಬರುತ್ತೇನೆ ಎಂದೆ. ಕದ್ದು ಓಡಿದರೆ ಕಷ್ಟವೆಂದು ಅಂಗಡಿಯ ಹುಡುಗನನ್ನು ಜೊತೆಗೆ ಕಳಿಸಿದರು. ಬೆಲೆಚೀಟಿ ನೇತಾಡುವ ಬೆಲ್ಟ್ ಹಾಕಿಕೊಂಡು ನಾನು ಮುಂದೆ, ಆ ಚೀಟಿಯ ಮೇಲೆಯೇ ಕಣ್ಣಿಟ್ಟು ಅವನು ಹಿಂದೆ, ಹೀಗೆ ಕ್ಲಾಕ್ ಟವರ್‌ವರೆಗೆ ಮೂರು ಸಲ ಮೂರು ಬೆಲ್ಟ್ ಮೆರೆಸಿದೆವು. ನೋಡಿದವರು ನನ್ನನ್ನೇ ಮಾರಲು ತಂದಿದ್ದಾರೆಂದು ತಿಳಿದಿರಬೇಕು.

ಕೊನೆಗೆ ಒಪ್ಪಿದ್ದು ಅಡ್ಡ ಹಾಕಿಕೊಳ್ಳುವ ಬೆಲ್ಟ್. ಎಡಹೆಗಲಿನಿಂದ ಇಳಿದು ಬಲಸೊಂಟಕ್ಕೆ ಬರುತ್ತದೆ. ಸ್ಟ್ಯಾಂಡಿಗೆ ಸಿಕ್ಕಿಸಲೆಂದು ಕ್ಯಾಮೆರಾದ ಅಡಿಯಲ್ಲಿ ಕಾಲು ಇಂಚಿನ ತಿರುಪಿನ ತೂತು ಇರುತ್ತದಲ್ಲ, ಇದರ ಕೊಂಡಿ ಅದಕ್ಕೇ ಕೂರುತ್ತದೆ. ತಿರುಪು ಸಡಿಲವಾದರೆ ಲಕ್ಷ ರೂಪಾಯಿ ಚರಂಡಿಗೆ. ಆದ್ದರಿಂದ ದಿನಕ್ಕೆರಡು ಬಾರಿ ಬಿಗಿದು ನೋಡಬೇಕು, ಕ್ಯಾಮೆರಾದ ಕಿವಿಗೆ ಇನ್ನೊಂದು ಕಾವಲು ದಾರವನ್ನೂ ಕಟ್ಟಿರಬೇಕು. ಈ ಒಂದು ಭಯ ಬಿಟ್ಟರೆ ಉಳಿದದ್ದೆಲ್ಲ ಪರಮಸುಖ. ಭಾರವೆಲ್ಲ ಹೆಗಲಿಗೆ, ಕುತ್ತಿಗೆ ನಿರಾಳ, ಮೈಮೇಲೆ ಯಾವ ಕಂಪನಿಯ ಹೆಸರೂ ಇಲ್ಲ.

ಉಡುಪಿಗೆ ಬಂದಾಗ ನೆರೆಮನೆಯ ಭಟ್ಟರು ಜಗಲಿಯಿಂದಲೇ ನೋಡಿ ಸಂತೋಷಪಟ್ಟರು. "ಇಷ್ಟು ವರ್ಷ ನೀವು ನಿವೀತಿಯಲ್ಲಿ ಇದ್ದಿರಿ, ಈಗ ಸವ್ಯಕ್ಕೆ ಬಂದಿರಿ" ಎಂದರು. ಜನಿವಾರ ಮಾಲೆಯ ಹಾಗೆ ಕೊರಳಿನಲ್ಲಿದ್ದರೆ ನಿವೀತಿ, ಎಡಹೆಗಲಿನ ಮೇಲಿದ್ದರೆ ಸವ್ಯ, ಬಲಹೆಗಲಿಗೆ ಬಂದರೆ ಅಪಸವ್ಯ.

"ಎಡಚನಾಗಿದ್ದರೆ ಬಲಹೆಗಲಿಗೇ ಹಾಕಬೇಕಲ್ಲ ಭಟ್ಟರೇ?"

"ಹಾಕಲಿ. ಶ್ರಾದ್ಧದ ಫೋಟೋ ತೆಗೆಯಲಿಕ್ಕೆ ಆಯಿತು."

ಹೀಗೆ ಶಾಸ್ತ್ರವೂ ಒಪ್ಪಿದ ಬೆಲ್ಟ್ ಧರಿಸಿ ವಿಟ್ಲಪಿಂಡಿಯ ದಿನ ರಥಬೀದಿಗೆ ಹೋದೆ. ಅಷ್ಟಮಿಯ ಮರುದಿನದ ಆ ಉತ್ಸವದಲ್ಲಿ ರಥಬೀದಿಯುದ್ದಕ್ಕೂ ಮರದ ಗುರ್ಜಿಗಳನ್ನು ನಿಲ್ಲಿಸಿ ಮೊಸರಿನ ಮಡಕೆಗಳನ್ನು ತೂಗುಹಾಕುತ್ತಾರೆ. ಗೊಲ್ಲರ ವೇಷದವರು ಕೋಲಿನಿಂದ ಅವುಗಳನ್ನು ಒಡೆಯುತ್ತಾ ಬರುತ್ತಾರೆ, ಹಿಂದೆ ಕೃಷ್ಣನ ಮಣ್ಣಿನ ಮೂರ್ತಿ ಇರುವ ರಥ. ಮಡಕೆ ಒಡೆಯುವ ಆ ಕ್ಷಣ ಸಿಗಬೇಕಾದರೆ ಹಗ್ಗದ ಒಳಗೆ ಇರಬೇಕು. ಹಿಂದಿನ ವರ್ಷಗಳಲ್ಲೆಲ್ಲ ಸ್ವಯಂಸೇವಕರು ನನ್ನ ಕೊರಳು ನೋಡಿದ ಕೂಡಲೇ ಹಗ್ಗ ಎತ್ತಿ, "ಬನ್ನಿ ಸರ್, ಮುಂದೆ ಬನ್ನಿ" ಎನ್ನುತ್ತಿದ್ದರು. ಅದು ನನ್ನ ಕಲೆಗೆ ಸಲ್ಲುತ್ತಿದ್ದ ಗೌರವವೆಂದು ನಾನು ನಂಬಿದ್ದೆ.

ಈ ಸಲ ಹುಡುಗ ನನ್ನ ಕೊರಳು ನೋಡಿದ. ಏನೂ ಇಲ್ಲ.

"ಹಿಂದೆ ಹೋಗಿ ಅಣ್ಣ."

ಒಂದೇ ವರ್ಷದಲ್ಲಿ ಸರ್ ಹೋಗಿ ಅಣ್ಣ ಆಗಿದ್ದೆ. ಸೊಂಟದಿಂದ ಕ್ಯಾಮೆರಾ ಎತ್ತಿ ತೋರಿಸಿದೆ. "ಅದು ಈಗ ಎಲ್ಲರ ಹತ್ತಿರವೂ ಇದೆ" ಎಂದು ಹಗ್ಗವನ್ನು ನನ್ನ ಎದೆಗೆ ಒತ್ತಿದ. ಅಷ್ಟರಲ್ಲಿ ನನ್ನ ಪಕ್ಕದಿಂದ ದೊಡ್ಡಕ್ಷರದ ಬೆಲ್ಟ್ ಧರಿಸಿದ ಮಹನೀಯರೊಬ್ಬರು ಬಂದರು. ಹಗ್ಗ ತಾನಾಗಿಯೇ ಮೇಲೆದ್ದಿತು. ಅವರು ಒಳಗೆ ಹೋದವರು ಗುರ್ಜಿಯ ಬುಡದಲ್ಲೇ ನಿಂತು ಮೊಬೈಲ್ ಎತ್ತಿ ರೀಲ್ ಮಾಡತೊಡಗಿದರು. ಹೊಟ್ಟೆಯ ಮೇಲೆ ತೂಗುತ್ತಿದ್ದ ಕ್ಯಾಮೆರಾದ ಮೂತಿಯ ಮುಚ್ಚಳ ಸಂಜೆಯಾದರೂ ತೆರೆಯಲಿಲ್ಲ. ಹಗ್ಗದೊಳಗೆ ಇಂಥವರು ಒಬ್ಬಿಬ್ಬರಲ್ಲ, ಬೆಲ್ಟಿನ ಬಲದಿಂದ ಒಂದು ಸೇನೆಯೇ ಜಮಾಯಿಸಿತ್ತು. ನನ್ನ ಪಕ್ಕದಲ್ಲಿ ಅಜ್ಜಿಯೊಬ್ಬರು ಕೃಷ್ಣನ ವೇಷದ ಮೊಮ್ಮಗನನ್ನು ಸೊಂಟದಲ್ಲಿಟ್ಟುಕೊಂಡು ತುದಿಗಾಲಲ್ಲಿ ನಿಂತಿದ್ದರು. "ಸ್ವಲ್ಪ ಬಾಗಿ ಮಾರಾಯರೇ, ಮಗುವಿಗೆ ಮಡಕೆ ಕಾಣುವುದಿಲ್ಲ" ಎಂದು ಒಳಗಿನವರನ್ನು ಕೂಗಿದರು. ಯಾರೂ ಬಾಗಲಿಲ್ಲ. ಎರಡೂವರೆ ಕಿಲೋ ಕಟ್ಟಿಕೊಂಡವರು ಬಾಗಿದರೆ ಏಳುವುದು ಸುಲಭವಲ್ಲ, ಅದನ್ನು ನಾನು ಬಲ್ಲೆ. ಮಡಕೆ ಒಡೆದ ಸದ್ದು ಕೇಳಿಸಿತು. ಕೃಷ್ಣ ಕೊಳಲು ಬಾಯಿಗಿಟ್ಟು ಚೀಪುತ್ತಿದ್ದ.

ಉತ್ಸವ ಸಮಿತಿಗಳಲ್ಲಿ ನನ್ನದೊಂದು ವಿನಂತಿ ಇದೆ. ಹೂಕಾಯಿ ಅಂಗಡಿಯ ಪಕ್ಕದಲ್ಲಿ ಬೆಲ್ಟ್ ಬಾಡಿಗೆಗೆ ಕೊಡುವ ಒಂದು ಕೌಂಟರ್ ತೆರೆಯಿರಿ. ದಿನಕ್ಕೆ ನೂರು ರೂಪಾಯಿ ಇಟ್ಟರೂ ಜನ ಸಾಲುಗಟ್ಟುತ್ತಾರೆ. ಕ್ಯಾಮೆರಾ ಕೊಡುವ ಅಗತ್ಯವಿಲ್ಲ, ತುದಿಗೊಂದು ಎಳನೀರಿನ ಬೊಂಡ ಕಟ್ಟಿದರೆ ಸಾಕು. ಬಾಯಾರಿದಾಗ ಕುಡಿಯಲೂ ಆಗುತ್ತದೆ. ಮದುವೆ ಹಾಲುಗಳಿಗೂ ಈ ಸೌಲಭ್ಯವನ್ನು ವಿಸ್ತರಿಸಬಹುದು. ಮಗಳ ಧಾರೆಯನ್ನು ಹತ್ತಿರದಿಂದ ನೋಡಬೇಕೆಂಬ ಆಸೆಯಿರುವ ತಂದೆತಾಯಿಗಳಿಗೆ ಸದ್ಯಕ್ಕೆ ಬೇರೆ ದಾರಿಯೂ ಕಾಣುವುದಿಲ್ಲ.

ಹೊಸ ಬೆಲ್ಟ್ ಕಪಾಟು ಸೇರಿತು. ಹಳೆಯದನ್ನೇ ಕೊರಳಿಗೆ ಹಾಕಿಕೊಂಡು ಮಲ್ಪೆಯಿಂದ ಬರುತ್ತಿದ್ದಾಗ ಬಸ್ಸಿನಲ್ಲಿ ಖಾಲಿ ಬುಟ್ಟಿಯ ಮೀನಿನ ಅಕ್ಕ ಒಬ್ಬರು ಪಕ್ಕದಲ್ಲಿ ಕುಳಿತರು. ನನ್ನ ಕುತ್ತಿಗೆಯ ಕೆಂಪನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ತುಳುವಿನಲ್ಲಿ, "ಇದೆಂಥದು ಅಣ್ಣ, ಕರುವಿಗೆ ಹಗ್ಗ ಬಿಗಿದ ಹಾಗೆ?" ಎಂದು ಕೇಳಿದರು.

"ಕ್ಯಾಮೆರಾ ಅಕ್ಕ. ಭಾರ."

"ಭಾರ ಹೊರುವವರು ಸಿಂಬೆ ಇಡದೆ ಹೊರುತ್ತಾರಾ? ನಿಮ್ಮ ಮನೆಯಲ್ಲಿ ಒಂದು ಹಳೆಯ ಬೈರಾಸು ಇಲ್ಲವಾ?"

ಮೂರು ಬೆಲ್ಟ್ ಮೆರವಣಿಗೆ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ನಾಲ್ಕಾರು ವರ್ಷ ಒಗೆದು ಮೆತ್ತಗಾದ, ಮೈ ಒರೆಸುವ ಹತ್ತಿಯ ಬೈರಾಸನ್ನು ಮೂರು ಮಡಿಕೆ ಮಾಡಿ ಹಿಂಗೊರಳಿಗೆ ಹಾಕಿ, ಅದರ ಮೇಲೆ ಬೆಲ್ಟ್ ಕೂರಿಸಿದೆ. ಬೆವರು ಬೈರಾಸಿಗೆ, ಭಾರ ಅಗಲಕ್ಕೆ, ಅಂಚಿನ ಗರಗಸಕ್ಕೆ ಬಟ್ಟೆ. ತೊಯ್ದರೆ ಹಿಂಡಿ ಪುನಃ ಹಾಕಿಕೊಂಡರಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಎದೆಯ ಮೇಲಿನ ದೊಡ್ಡಕ್ಷರ ಎಲ್ಲರಿಗೂ ಕಾಣುತ್ತಿತ್ತು.

ಮಂಗಳೂರು ದಸರಾದ ಹುಲಿವೇಷದ ಅಂಗಳದಲ್ಲಿ ಹಗ್ಗ ಪುನಃ ಎದ್ದಿತು. "ಬನ್ನಿ ಸರ್." ಬಂದೆ. ತಾಸೆಯ ಪೆಟ್ಟು ಏರುತ್ತಿತ್ತು. ಮೈಗೆಲ್ಲ ಬಣ್ಣ ಬಳಿದ ಹುಲಿಯೊಂದು ಬಾಗಿ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ, ನಲವತ್ತು ಕಿಲೋದಷ್ಟು ತೂಗುವ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತುತ್ತಿತ್ತು. ಇನ್ನೇನು ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಆ ಕುತ್ತಿಗೆಗೆ ನಿಯೋಪ್ರೀನೂ ಇಲ್ಲ, ಬೈರಾಸೂ ಇಲ್ಲ. ನರಗಳು ಹಗ್ಗದಂತೆ ಉಬ್ಬಿ ನಿಂತದ್ದು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ಕ್ಯಾಮೆರಾ ಎತ್ತಿ ಒತ್ತಿದೆ. ಅದೇ ಕ್ಷಣದಲ್ಲಿ ನನ್ನ ಮುಂದಿನ ಮೂವತ್ತು ಮಂದಿಯೂ ಎತ್ತಿದರು.

ರಾತ್ರಿ ಮನೆಗೆ ಬಂದು ಭಟ್ಟರಿಗೆ ಫೋಟೋ ತೋರಿಸಿದೆ. ಮುಂದಿದ್ದವರ ಹಿಂಗೊರಳು ಅಚ್ಚುಕಟ್ಟಾಗಿ ಫೋಕಸ್ ಆಗಿತ್ತು. ಬೆವರಿನ ಹನಿ, ಬೆಲ್ಟ್ ಕೊರೆದ ಕೆಂಪು ಗೆರೆ, ಕಂಪನಿಯ ಹೆಸರಿನ ಒಂದೊಂದು ಹೊಲಿಗೆ ಸಹ ಎಣಿಸುವಂತಿತ್ತು. ಭಟ್ಟರು ಕನ್ನಡಕ ಏರಿಸಿ, ಪರದೆಯನ್ನು ಹತ್ತಿರ ತಂದು, ದೂರ ಹಿಡಿದು, ನಿಧಾನವಾಗಿ ನೋಡಿದರು.

"ಎಲ್ಲರೂ ನಿವೀತಿಯಲ್ಲೇ ಇದ್ದಾರೆ" ಎಂದರು. "ಹುಲಿ ಎಲ್ಲಿ?"