ಹೋಗಿದ್ದು ಕೆಪಾಸಿಟರ್, ಮಾರಿದ್ದು ದೊಡ್ಡ ಪ್ಯಾಕ್!

ಸೆಟ್ ಟಾಪ್ ಬಾಕ್ಸ್ ಕೆಟ್ಟರೆ ಈ ಡಿಟಿಎಚ್ ಕಂಪನಿಯವರಿಗೆ ಬರುವುದು ಎರಡೇ ಮಾತು. ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಆಗಲಿಲ್ಲ ಅಂದ್ರೆ ಹೊಸದು ತಗೊಳ್ಳಿ. ಏನು ಕೆಟ್ಟಿದೆ ಎಂದು ಹುಡುಕುವ ಕೆಲಸ ಯಾರಿಗೂ ಬೇಡ. ನನಗೆ ಮೈ ಉರಿಯುವುದು ಅದಕ್ಕೇ.

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಕೇಬಲ್ ಟಿವಿ ಇಲ್ಲ, ಫೋನಲ್ಲಿ ವಿಡಿಯೊ ನೋಡುವಷ್ಟು ನೆಟ್‌ವರ್ಕೂ ಇಲ್ಲ. ಅಲ್ಲಿರುವುದು ಅಪ್ಪ, ಅಮ್ಮ ಇಬ್ಬರೇ. ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಅವರಿಗೆ ಟಿವಿ ಬಿಟ್ಟರೆ ಬೇರೆ ಏನಿದೆ? ಈ ಸಲದ ಮಳೆಗಾಲದಲ್ಲಿ ಅಮ್ಮನ ಧಾರಾವಾಹಿ ಬರುವ ಚಾನೆಲ್ ಹೋಯಿತು. ಅದರ ಜೊತೆಗೆ ಸುಮಾರು ಅರ್ಧದಷ್ಟು ಚಾನೆಲ್ ಹೋದವು. ಅಪ್ಪನ ವಾರ್ತೆ ಚಾನೆಲ್ ಮಾತ್ರ ಒಂದು ಚುಕ್ಕಿಯೂ ಇಲ್ಲದೆ ಚೆನ್ನಾಗಿ ಬರುತ್ತಿತ್ತು.

ಅಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು. "ಆ ಚಾನೆಲ್ ನಿಮ್ಮ ಪ್ಯಾಕಲ್ಲಿ ಇಲ್ಲ ಮೇಡಂ, ದೊಡ್ಡ ಪ್ಯಾಕ್ ಹಾಕಿಕೊಡ್ತೀನಿ" ಎಂದರಂತೆ. ಹಾಕಿಯೂ ಬಿಟ್ಟರು! ಪರದೆ ಮೇಲೆ ಏನು ಬರೆದಿದೆ ಮೇಡಂ ಎಂದು ಒಂದು ಮಾತು ಕೇಳಲಿಲ್ಲ. ಅಲ್ಲಿ ಬರುತ್ತಿದ್ದದ್ದು 'ಸಿಗ್ನಲ್ ಇಲ್ಲ' ಅಂತ. ದುಡ್ಡು ಕಟ್ಟದ ಚಾನೆಲ್‌ಗೆ ಬರುವ ಸಂದೇಶವೇ ಬೇರೆ. ಇದು ಆ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿರಬೇಕಲ್ವಾ? ನಿನ್ನೆವರೆಗೆ ಬರುತ್ತಿದ್ದ ಚಾನೆಲ್ ಪ್ಯಾಕಲ್ಲಿ ಇಲ್ಲದೆ ಹೋಗುವುದು ಹೇಗೆ? ವಯಸ್ಸಾದ ಹೆಂಗಸು ಕಷ್ಟ ಹೇಳಿಕೊಂಡರೆ ಬೇಡದ ಪ್ಯಾಕ್ ತಗುಲಿಸುತ್ತಾರೆ. ಆಮೇಲೂ ಚಾನೆಲ್ ಬರಲಿಲ್ಲ. ದುಡ್ಡು ಮಾತ್ರ ಹೋಯಿತು.

ಅರ್ಧ ಚಾನೆಲ್ ಮಾತ್ರ ಹೋಗಿದೆ ಅನ್ನುವುದೇ ದೊಡ್ಡ ಸುಳಿವು. ಡಿಶ್ ಮುಂದೆ ಕೋಲಿನ ತುದಿಯಲ್ಲಿ ಇರುತ್ತದಲ್ಲ, ಅದು ಎಲ್‌ಎನ್‌ಬಿ; ಡಿಶ್‌ಗೆ ಬಿದ್ದ ಸಿಗ್ನಲ್ ಹಿಡಿದು ಬಾಕ್ಸ್‌ಗೆ ಕಳಿಸುವುದು ಅದೇ. ಅದಕ್ಕೆ ಕರೆಂಟ್ ಹೋಗುವುದು ಬಾಕ್ಸ್‌ನಿಂದ, ಸಿಗ್ನಲ್ ಬರುವ ಕೇಬಲ್‌ನಲ್ಲೇ. ಬಾಕ್ಸ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ಒಂದು ಗುಂಪಿನ ಚಾನೆಲ್ ಹಿಡಿಯುತ್ತದೆ, 18 ವೋಲ್ಟ್ ಕೊಟ್ಟರೆ ಇನ್ನೊಂದು ಗುಂಪಿನದು. 18 ಸರಿಯಾಗಿ ಸಿಗದಿದ್ದರೆ ಆ ಗುಂಪು ಪೂರ್ತಿ ಮಾಯ, 13ರ ಗುಂಪು ಮಾತ್ರ ಚೆನ್ನಾಗಿ ಬರುತ್ತದೆ. ಕಾರಣ ಎಲ್‌ಎನ್‌ಬಿ ಇರಬಹುದು, ನೀರಿಳಿದು ಕಿಲುಬು ಹಿಡಿದ ಕನೆಕ್ಟರ್ ಇರಬಹುದು, ಬಾಕ್ಸೇ ಇರಬಹುದು. ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ.

ಕಂಪನಿ ಕಳಿಸಿದ ಹುಡುಗನ ಹತ್ತಿರ ಮೀಟರೇ ಇರಲಿಲ್ಲ. ಮೊದಲು "ಮಳೆಗೆ ಹಿಂಗೇ ಆಗುತ್ತೆ" ಎಂದ. ಜೋರು ಮಳೆಗೆ ಡಿಶ್‌ನ ಸಿಗ್ನಲ್ ಸೋಲುವುದು ನಿಜ. ಡಿಶ್‌ಗೆ ಬರುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿ ನುಂಗುತ್ತದೆ. ಆದರೆ ಮಳೆ ಕಡಿಮೆಯಾದ ಮೇಲೆ ಚಿತ್ರ ವಾಪಸ್ ಬರಬೇಕು. ಬಿಸಿಲು ಬಿದ್ದಾಗಲೂ ಬರದಿದ್ದರೆ ಅದು ಮಳೆಯ ತಪ್ಪಾ? ಆಮೇಲೆ ಏನನ್ನೂ ಅಳೆಯದೆ ಎಲ್‌ಎನ್‌ಬಿ ಬದಲಿಸಿದ. ಅದಕ್ಕೆ ದುಡ್ಡು, ಮನೆಗೆ ಬಂದಿದ್ದಕ್ಕೆ ಬೇರೆ ದುಡ್ಡು. ಚಾನೆಲ್ ಬರಲಿಲ್ಲ. ಕೊನೆಗೆ "ಬಾಕ್ಸ್ ಹೋಗಿದೆ, ಹೊಸದು ಹಾಕಿಸಿಕೊಳ್ಳಿ" ಎಂದು ಹೇಳಿ ಬೈಕ್ ಹತ್ತಿದ. ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಕೈಗೆ ಮೀಟರ್ ಕೊಡದೆ, ಕೆಲಸ ಕಲಿಸದೆ ಆ ಮಳೆಯಲ್ಲಿ ಮಾಡು ಹತ್ತಿಸುತ್ತಾರಲ್ಲ, ಅವರ ಮೇಲೆ ಸಿಟ್ಟು.

ನಾನು ಊರಿಗೆ ಹೋದ ಮೇಲೆ ಪಕ್ಕದ ಮನೆಯವರ ಬಾಕ್ಸ್ ತಂದು ನಮ್ಮ ಕೇಬಲ್‌ಗೆ ಹಾಕಿದೆ. ಅವರದ್ದೂ ಅದೇ ಕಂಪನಿ. ಎಲ್ಲ ಚಾನೆಲ್ ಬಂದವು. ಹಾಗಾದರೆ ಡಿಶ್, ಕೇಬಲ್ ಸರಿ ಇವೆ, ತೊಂದರೆ ನಮ್ಮ ಬಾಕ್ಸ್‌ನಲ್ಲಿದೆ. ಪೇಟೆಯ ಟಿವಿ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿಯ ಹಿರಿಯರು ಎಲ್‌ಎನ್‌ಬಿ ಜೋಡಿಸಿಯೇ ಅಳೆದರು. 18 ಬರಬೇಕಾದ ಕಡೆ 14 ಬರುತ್ತಿತ್ತು. ಮುಚ್ಚಳ ಬಿಚ್ಚಿ, ಪವರ್ ಸಪ್ಲೈ ಕಡೆ ತೋರಿಸಿದರು. ಒಂದು ಕೆಪಾಸಿಟರ್‌ನ, ಅಂದರೆ ಕರೆಂಟನ್ನು ಹಿಡಿದಿಟ್ಟು ಕೊಡುವ ಪುಟ್ಟ ಬಿಡಿಭಾಗದ, ತಲೆ ಉಬ್ಬಿತ್ತು. ಅದನ್ನು ತೆಗೆದು ಹೊಸದು ಬೆಸುಗೆ ಹಾಕಿದರು, ಬಾಕ್ಸ್ ಸರಿಯಾಯಿತು. ಹತ್ತಿಪ್ಪತ್ತು ರೂಪಾಯಿಯ ಸಾಮಾನು! (ಇದನ್ನು ಓದಿ ಯಾರೂ ಮನೆಯಲ್ಲಿ ಸುಮ್ನೆ ಬಾಕ್ಸ್ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು. ಗೊತ್ತಿರುವವರ ಕೈಗೇ ಕೊಡಿ.)

36,000 ಕಿಲೋಮೀಟರ್ ಮೇಲಿರುವ ಉಪಗ್ರಹದಿಂದ ಸಿಗ್ನಲ್ ನಮ್ಮ ಮಾಡಿನವರೆಗೆ ಸರಿಯಾಗಿ ಬರುತ್ತಿದೆ. ಇಷ್ಟು ಮಾಡಬಲ್ಲ ಕಂಪನಿಗೆ ಒಂದು ಬಾಕ್ಸ್ ರಿಪೇರಿ ಮಾಡಿಸಲು ಆಗುವುದಿಲ್ಲವಾ? ಆಗುತ್ತದೆ, ಮನಸ್ಸಿಲ್ಲ. ಹೊಸ ಬಾಕ್ಸ್ ಮಾರುವುದೇ ಅವರಿಗೆ ಸುಲಭ. ಬಾಕ್ಸ್ ಹೋಗಲಿ, ಕಂಪನಿಯನ್ನೇ ಬದಲಿಸೋಣ ಅಂದರೆ ಅದೂ ಸುಲಭ ಇಲ್ಲ. ನಾವು ದುಡ್ಡು ಕೊಟ್ಟು ತಂದ ಬಾಕ್ಸ್ ಬೇರೆ ಕಂಪನಿಗೆ ನಡೆಯುವುದಿಲ್ಲ. ಮೊಬೈಲಲ್ಲಿ ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸುವ ಸೌಕರ್ಯ 2011ರ ಜನವರಿಯಲ್ಲೇ ದೇಶವಿಡೀ ಬಂತು. ಸೆಟ್ ಟಾಪ್ ಬಾಕ್ಸ್ ಯಾವ ಕಂಪನಿಗಾದರೂ ನಡೆಯುವಂತಿರಬೇಕು ಎಂದು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತ್ತು. ನಮ್ಮ ಮನೆಯ ಬಾಕ್ಸ್‌ಗೆ ಆ ಭಾಗ್ಯ ಬಂದಿಲ್ಲ. ಎಷ್ಟು ಮನೆಗಳ ಅಟ್ಟದ ಮೇಲೆ ಇಂಥ ಬಾಕ್ಸ್‌ಗಳು ಸುಮ್ಮನೆ ಬಿದ್ದಿವೆಯೋ! ಅವುಗಳಲ್ಲಿ ಎಷ್ಟಕ್ಕೆ ಬರೀ ಒಂದು ಕೆಪಾಸಿಟರ್ ಬೇಕಿತ್ತೋ!

ಇನ್ನೊಂದು ಉರಿ. ಅರ್ಧ ಚಾನೆಲ್ ಇಲ್ಲದ ಅಷ್ಟೂ ದಿನ ರಿಚಾರ್ಜ್ ಮಾತ್ರ ಪೂರ್ತಿ ಕಡಿತವಾಗುತ್ತಿತ್ತು. ಬೇಡದ ಪ್ಯಾಕ್‌ನ ದುಡ್ಡು, ಸರಿ ಇದ್ದ ಎಲ್‌ಎನ್‌ಬಿ ತೆಗೆದು ಹಾಕಿದ ಹೊಸದರ ದುಡ್ಡು, ಈ ದಿನಗಳ ದುಡ್ಡು ಮೂರನ್ನೂ ವಾಪಸ್ ಕೊಡಿ ಎಂದು ಮೇಲ್ ಹಾಕಿದ್ದೇನೆ. ನಿಮ್ಮ ದೂರು ಪರಿಹಾರವಾಗಿದೆ ಎಂದು ಉತ್ತರ ಬಂತು. ಪರಿಹಾರ ಮಾಡಿದ್ದು ಪೇಟೆಯ ರಿಪೇರಿ ಅಂಗಡಿಯವರು!

ಈ ರಿಚಾರ್ಜ್ ಮುಗಿದ ಮೇಲೆ ಇವರಿಗೆ ಒಂದು ಪೈಸೆ ಕೊಡಬಾರದು ಅಂದುಕೊಂಡಿದ್ದೆ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಶುಲ್ಕ ಇಲ್ಲ. ಬಾಕ್ಸ್ ಒಂದು ತಂದು, ಇದೇ ಡಿಶ್ ಅನ್ನು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದ ಕಡೆ ತಿರುಗಿಸಿದರೆ ಚಂದನ ಬರುತ್ತದೆ. ಅಪ್ಪ ಒಪ್ಪಿದ್ದಾರೆ. ಅಮ್ಮನ ಧಾರಾವಾಹಿ ಅದರಲ್ಲಿ ಬರುವುದಿಲ್ಲ. ಆ ಒಂದು ಚಾನೆಲ್‌ಗಾಗಿ ಮತ್ತೆ ಇವರಿಗೇ ದುಡ್ಡು ಕಟ್ಟಬೇಕಲ್ಲ ಅನ್ನುವುದೇ ಈಗ ನನ್ನ ಸಿಟ್ಟು.